ಕಾರಿನ ಮೈಗೆ ಗೀರು ಬೀಳದಂತೆ ಬ್ಯಾಟರಿ ಬದಲಾಯಿಸಿಕೊಟ್ಟ ಪಿ.ಬಿ. ರಸ್ತೆಯ ಅಂಗಡಿ

ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿ ಟ್ರ್ಯಾಕ್ಟರ್, ಲಾರಿ ಮತ್ತು ಇನ್ವರ್ಟರ್ ಬ್ಯಾಟರಿಗಳನ್ನು ಮಾರುವ ಈ ಅಂಗಡಿಯವರು ಕಳೆದ ಏಪ್ರಿಲ್ ತಿಂಗಳಲ್ಲಿ ನಮ್ಮ ಮನೆಗೇ ಬಂದು, ನನ್ನ ಅಣ್ಣನ ಪೋರ್ಷೆ ಬಾಕ್ಸ್‌ಸ್ಟರ್ ಕಾರಿನ ಸತ್ತ ಬ್ಯಾಟರಿಯನ್ನು ತೆಗೆದು ಹೊಸದನ್ನು ಕೂರಿಸಿ ಹೋದರು. ಕಾರಿನ ಬಣ್ಣದ ಮೇಲೆ ಕೂದಲೆಳೆಯಷ್ಟು ಗೀರೂ ಬೀಳಲಿಲ್ಲ. ನಮ್ಮ ಊರಿನಲ್ಲಿ ಇಂಥ ಕಾರುಗಳನ್ನು ಇಟ್ಟುಕೊಂಡವರು ಬೆರಳೆಣಿಕೆಯಷ್ಟು ಮಂದಿ; ಅವರಲ್ಲಿ ಹೆಚ್ಚಿನವರು ಸಣ್ಣ ಕೆಲಸಕ್ಕೂ ಕಾರನ್ನು ಲಾರಿಯ ಮೇಲೆ ಹೇರಿ ಸುಮಾರು 260 ಕಿಲೋಮೀಟರ್ ದೂರದ ಬೆಂಗಳೂರಿಗೆ ಕಳುಹಿಸುತ್ತಾರೆ. ಬ್ಯಾಟರಿಯ ಮಟ್ಟಿಗಾದರೂ ಆ ಖರ್ಚು ಬೇಕಿಲ್ಲ ಎಂಬುದು ನನ್ನ ಅನುಭವ. ಅದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ, ಏಕೆಂದರೆ ಈ ಕೆಲಸದಲ್ಲಿ ಕೆಡುವುದೂ ಉಳಿಯುವುದೂ ವಿವರಗಳಲ್ಲಿಯೇ ಇದೆ.

ಕಾರು 2008ರದು. ಎರಡೇ ಸೀಟು, ಬಟ್ಟೆಯ ಮೇಲ್ಛಾವಣಿ, ಸೀಟುಗಳ ಹಿಂದೆ ಎಂಜಿನ್, ಮುಂದೊಂದು ಹಿಂದೊಂದು ಡಿಕ್ಕಿ. ಅಣ್ಣ ಕೆಲಸದ ಮೇಲೆ ಹೊರದೇಶಕ್ಕೆ ಹೋಗುವಾಗ ಅದನ್ನು ಎಂ.ಸಿ.ಸಿ. ‘ಬಿ’ ಬ್ಲಾಕಿನ ನಮ್ಮ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿ, ಕೀಲಿಕೈಯನ್ನು ನನ್ನ ಕೈಗೆ ಕೊಟ್ಟು, ವಾರಕ್ಕೊಮ್ಮೆ ಓಡಿಸು ಎಂದು ಹೇಳಿ ಹೋಗಿದ್ದ. ಪರೀಕ್ಷೆಯ ಪತ್ರಿಕೆಗಳ ಮೌಲ್ಯಮಾಪನದ ಗಡಿಬಿಡಿಯಲ್ಲಿ ನಾನು ಆರು ವಾರ ಅದನ್ನು ಮುಟ್ಟಲಿಲ್ಲ. ತಪ್ಪು ನನ್ನದು. ಏಪ್ರಿಲ್‌ನ ಒಂದು ಬೆಳಿಗ್ಗೆ ರಿಮೋಟ್ ಒತ್ತಿದರೆ ದೀಪ ಮಿನುಗಲಿಲ್ಲ, ಬೀಗ ಸದ್ದು ಮಾಡಲಿಲ್ಲ.

ಸಾಮಾನ್ಯ ಕಾರಾಗಿದ್ದರೆ ಬಾನೆಟ್ ಎತ್ತಿ ಜಂಪ್ ಕೇಬಲ್ ಹಾಕಿದರೆ ಮುಗಿಯುತ್ತಿತ್ತು. ಈ ಕಾರಿನಲ್ಲಿ ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯ ಒಳಗೆ, ಮುಂಗಾಜಿನ ಬುಡದಲ್ಲಿ, ಒಂದು ಪ್ಲಾಸ್ಟಿಕ್ ಮುಚ್ಚಳದ ಕೆಳಗೆ. ಆ ಡಿಕ್ಕಿಯ ಬೀಗ ತೆರೆಯುವುದು ವಿದ್ಯುತ್ತಿನಿಂದ. ಅಂದರೆ ಬ್ಯಾಟರಿ ಸತ್ತಾಗ ಬ್ಯಾಟರಿಯನ್ನು ತಲುಪುವ ಬಾಗಿಲೇ ಮುಚ್ಚಿಹೋಗುತ್ತದೆ. ತಿಳಿಯದವರು ಇಲ್ಲಿಯೇ ಸ್ಕ್ರೂಡ್ರೈವರ್ ಹಿಡಿಯುತ್ತಾರೆ. ನಾಲ್ಕು ವರ್ಷಗಳ ಹಿಂದೆ ಇನ್ನೊಂದು ಊರಿನಲ್ಲಿ ಅಣ್ಣನ ಎದುರಿನಲ್ಲೇ ಹೀಗೆ ಆಗಿತ್ತು. ಸಹಾಯಕ್ಕೆಂದು ಬಂದ ಒಬ್ಬರು ಡಿಕ್ಕಿಯ ಅಂಚಿಗೆ ಚಪ್ಪಟೆ ಕಬ್ಬಿಣ ತೂರಿಸಿ ಮೀಟಿದರು. ಬೀಗ ತೆರೆಯಲಿಲ್ಲ, ಅಂಚಿನ ಬಣ್ಣ ಮಾತ್ರ ಒಂದು ಅಂಗುಲದಷ್ಟು ಹಾರಿಹೋಯಿತು. ಟಚ್-ಅಪ್ ಮಾಡಿಸಿದ ಆ ಕಲೆ ಇಂದಿಗೂ ಬೆಳಕು ಓರೆಯಾಗಿ ಬಿದ್ದಾಗ ಕಾಣುತ್ತದೆ. ಆದ್ದರಿಂದ ಯಾರನ್ನು ಕರೆಯಬೇಕು ಎನ್ನುವುದು ನನಗೆ ಬೆಲೆಗಿಂತ ದೊಡ್ಡ ಪ್ರಶ್ನೆಯಾಗಿತ್ತು.

ಮೊದಲು ವಿಚಾರಿಸಿದ ಕಡೆ, ಹತ್ತು ನಿಮಿಷದ ಕೆಲಸ, ಹುಡುಗನನ್ನು ಕಳುಹಿಸುತ್ತೇವೆ, ಡಿಕ್ಕಿಯನ್ನು ಅವನೇ ಹೇಗಾದರೂ ಮಾಡಿ ತೆಗೆಯುತ್ತಾನೆ ಎಂದರು. ಆ ‘ಹೇಗಾದರೂ’ ಎಂಬ ಮಾತು ಕೇಳಿ ನಾನು ಬೇಡವೆಂದೆ. ಎರಡನೆಯದಾಗಿ ಹೋದದ್ದು ಈ ಅಂಗಡಿಗೆ. ಮುಂಭಾಗದಲ್ಲಿ ಟ್ರ್ಯಾಕ್ಟರ್ ಬ್ಯಾಟರಿಗಳ ಸಾಲು, ಒಳಗೆ ಚಾರ್ಜಿಗೆ ಇಟ್ಟ ಹತ್ತಾರು ಹಳೆಯ ಬ್ಯಾಟರಿಗಳು, ಗಾಳಿಯಲ್ಲಿ ಆಸಿಡ್ ವಾಸನೆ. ಮಾಲೀಕರು ಐವತ್ತು ದಾಟಿದವರು. ಅಂಗಡಿಯ ಹುಡುಗರೆಲ್ಲ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಾರೆ. ನಾನು ಕಾರಿನ ಹೆಸರು ಹೇಳಿದಾಗ ಅವರು ಕೊಟ್ಟ ಉತ್ತರವೇ ನನ್ನ ಮನಸ್ಸನ್ನು ಗೆದ್ದಿತು: “ಈ ಗಾಡಿ ನಾವು ಮುಟ್ಟಿಲ್ಲ ಮೇಡಂ. ಕಂಪನಿ ಪುಸ್ತಕ ಇದ್ರೆ ಕೊಡ್ರಿ, ಓದಿ ನೋಡಿ ಆಮೇಲೆ ಹೇಳ್ತೀನಿ.”

ಪುಸ್ತಕ ಇದ್ದದ್ದು ಕಾರಿನ ಒಳಗೆ. ಅಣ್ಣ ತನ್ನ ಬಳಿಯಿದ್ದ ಅದರ ಪುಟಗಳ ಚಿತ್ರಗಳನ್ನು ಫೋನಿನಲ್ಲಿ ಕಳುಹಿಸಿದ. ಮೇಸ್ತ್ರಿಯವರು ಕನ್ನಡಕ ಹಾಕಿಕೊಂಡು ಚಿತ್ರಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು, ಇಂಗ್ಲಿಷಿನ ಎರಡು ವಾಕ್ಯಗಳನ್ನು ನನ್ನಿಂದ ಕನ್ನಡದಲ್ಲಿ ಹೇಳಿಸಿಕೊಂಡರು. ಅಂದು ಸಂಜೆಯೇ ಒಪ್ಪಿಕೊಂಡರು. ಬ್ಯಾಟರಿ ತರಿಸುವುದಕ್ಕೆ ಮಾತ್ರ ಎರಡು ದಿನ ಬೇಕು ಎಂದರು, ಏಕೆಂದರೆ ಅವರಲ್ಲಿ ಇದ್ದದ್ದು ಮಾಮೂಲಿ ದ್ರವ ತುಂಬಿದ ಬ್ಯಾಟರಿ. ಅಣ್ಣ ಕೇಳಿದ್ದು ಎ.ಜಿ.ಎಂ. ಎಂದು ಕರೆಯುವ, ಆಸಿಡ್ ಅನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿ ಮುಚ್ಚಿದ ಬಗೆಯದು. ಡಿಕ್ಕಿಯ ಒಳಗೆ, ಬಣ್ಣ ಬಳಿದ ತಗಡಿನ ಮಗ್ಗುಲಲ್ಲಿ ಕೂರುವ ಬ್ಯಾಟರಿಯಿಂದ ಆಸಿಡ್ ಚೆಲ್ಲುವ ಭಯ ಕಡಿಮೆ ಇರಲಿ ಎಂಬುದೇ ಈ ಆಯ್ಕೆಗೆ ಕಾರಣ, ಮತ್ತು ನನ್ನ ಅಭಿಪ್ರಾಯದಲ್ಲಿ ಆ ಹೆಚ್ಚಿನ ಹಣ ವ್ಯರ್ಥವಲ್ಲ.

ಬಂದ ದಿನ ಮೇಸ್ತ್ರಿಯವರ ಜೊತೆ ಒಬ್ಬ ಹುಡುಗನಿದ್ದ. ಅವರು ತಂದ ಸಾಮಾನುಗಳಲ್ಲಿ ಪಾನಾಗಳಿಗಿಂತ ಬಟ್ಟೆಗಳೇ ಹೆಚ್ಚಾಗಿದ್ದವು: ಒಗೆದು ಒಣಗಿಸಿದ ಎರಡು ಕೌದಿ, ಒಂದು ರಬ್ಬರ್ ಹಾಸು, ನಾಲ್ಕು ಹತ್ತಿ ಟವೆಲ್. ಆದರೆ ಅವರು ಕೌದಿಯನ್ನು ನೇರವಾಗಿ ಕಾರಿನ ಮೇಲೆ ಹಾಸಲಿಲ್ಲ. ಮೊದಲು ನೀರು ಕೇಳಿದರು. ನಮ್ಮ ಊರಿನ ಬೇಸಿಗೆಯ ಧೂಳು ಸಣ್ಣದಲ್ಲ. ಆರು ವಾರ ನಿಂತ ಕಾರಿನ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಕೂತಿತ್ತು. ಆ ಧೂಳಿನ ಮೇಲೆ ಎಷ್ಟು ಮೆತ್ತನೆಯ ಬಟ್ಟೆ ಹಾಸಿದರೂ, ಅದರ ಮೇಲೆ ಮನುಷ್ಯನ ಭಾರ ಬಿದ್ದು ಒಂದಿಷ್ಟು ಜರುಗಿದಾಗ, ಬಟ್ಟೆ ಮತ್ತು ಬಣ್ಣದ ನಡುವೆ ಸಿಕ್ಕಿದ ಮರಳಿನ ಕಣಗಳು ಉಜ್ಜುಕಾಗದದಂತೆಯೇ ಕೆಲಸ ಮಾಡುತ್ತವೆ. ರಕ್ಷಣೆಗೆಂದು ಹಾಸಿದ ಬಟ್ಟೆಯೇ ಗೀರು ಹಾಕುವುದು ಹೀಗೆ. ಹುಡುಗ ಪೈಪಿನಲ್ಲಿ ನೀರು ಹರಿಸಿ, ಕೈಯಿಂದ ಉಜ್ಜದೆ, ಎರಡೂ ಬದಿಯ ಮಡ್‌ಗಾರ್ಡ್, ಮುಂದಿನ ಬಂಪರ್, ಗಾಜಿನ ಬುಡ, ಇಷ್ಟನ್ನೂ ತೊಳೆದು ಆರಲು ಬಿಟ್ಟ. ಆರುವವರೆಗೆ ಯಾರೂ ಕಾರನ್ನು ಮುಟ್ಟಲಿಲ್ಲ.

ನಂತರ ಇಬ್ಬರೂ ಬೆಲ್ಟ್ ಬಿಚ್ಚಿದರು, ಗಡಿಯಾರ ತೆಗೆದರು. ಮೇಸ್ತ್ರಿಯವರು ಬೆರಳಿನ ಉಂಗುರವನ್ನೂ ತೆಗೆದು ನಮ್ಮ ಅಮ್ಮನ ಕೈಗೆ ಕೊಟ್ಟರು. ಉಂಗುರಕ್ಕೆ ಎರಡು ಕಾರಣ ಹೇಳಿದರು. ಒಂದು ಬಣ್ಣದ್ದು. ಇನ್ನೊಂದು ಪ್ರಾಣದ್ದು: ಪಾಸಿಟಿವ್ ತುದಿ ಹಿಡಿದ ಪಾನಾಗೂ ಕಾರಿನ ತಗಡಿಗೂ ನಡುವೆ ಉಂಗುರ ಸಿಕ್ಕಿದರೆ ನೂರಾರು ಆಂಪಿಯರ್ ಅದರ ಮೂಲಕ ಹರಿಯುತ್ತದೆ, ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಪಾನಾಗಳ ಹಿಡಿಗೂ ಅವರು ಹಳೆಯ ಸೈಕಲ್ ಟ್ಯೂಬ್ ತೊಡಿಸಿದ್ದರು. ಬಾಯಿಯಷ್ಟೇ ಹೊರಗೆ ಕಾಣುತ್ತಿತ್ತು. ಜಾರಿ ಬಿದ್ದರೆ ಬಣ್ಣಕ್ಕೆ ರಬ್ಬರ್ ತಾಗುತ್ತದೆ, ತಗಡಿಗೆ ತಾಗಿದರೂ ಕಿಡಿ ಏಳುವುದಿಲ್ಲ. ದುಬಾರಿ ಸಲಕರಣೆಗಳ ಪಟ್ಟಿ ತೋರಿಸುವ ಅಂಗಡಿಗಳನ್ನು ನಾನು ಕಂಡಿದ್ದೇನೆ. ಆ ಸೈಕಲ್ ಟ್ಯೂಬು ಅವೆಲ್ಲಕ್ಕಿಂತ ನನಗೆ ಹೆಚ್ಚು ನಂಬಿಕೆ ಕೊಟ್ಟಿತು.

ಬಾಗಿಲು ತೆರೆಯುವುದು ಮುಂದಿನ ಗಂಡಾಂತರ. ಈ ಕಾರಿನ ಕಿಟಕಿಯ ಗಾಜಿಗೆ ಸುತ್ತ ಚೌಕಟ್ಟಿಲ್ಲ. ಗಾಜಿನ ಮೇಲಂಚು ಛಾವಣಿಯ ರಬ್ಬರ್ ಬೀಡಿಂಗಿನ ಒಳಗೆ ಹೋಗಿ ಕೂರುತ್ತದೆ. ಬ್ಯಾಟರಿ ಜೀವಂತವಾಗಿದ್ದಾಗ ಹಿಡಿಕೆ ಎಳೆದೊಡನೆ ಗಾಜು ತಾನಾಗಿ ಒಂದಿಷ್ಟು ಕೆಳಗಿಳಿದು ಬೀಡಿಂಗಿನಿಂದ ಬಿಡಿಸಿಕೊಳ್ಳುತ್ತದೆ, ಬಾಗಿಲು ಮುಚ್ಚಿದ ಮೇಲೆ ಮತ್ತೆ ಏರುತ್ತದೆ. ಬ್ಯಾಟರಿ ಸತ್ತಾಗ ಗಾಜು ಇಳಿಯುವುದಿಲ್ಲ. ಆಗ ಬಾಗಿಲನ್ನು ಜಗ್ಗಿದರೆ ಬೀಡಿಂಗ್ ಹರಿಯಬಹುದು. ತೆರೆದ ಬಾಗಿಲನ್ನು ಮರೆತು ಧಡ್ ಎಂದು ಹಾಕಿದರಂತೂ ಗಾಜಿನ ಅಂಚು ಛಾವಣಿಯ ಚೌಕಟ್ಟಿಗೆ ಹೊಡೆಯುತ್ತದೆ. ಮೇಸ್ತ್ರಿಯವರು ಕೀಲಿಯಿಂದ ಬೀಗ ತಿರುಗಿಸಿ, ಒಂದು ಅಂಗೈಯಿಂದ ಗಾಜಿನ ಮೇಲ್ತುದಿಯನ್ನು ಮೆತ್ತಗೆ ಹೊರಕ್ಕೆ ಬಿಡಿಸುತ್ತ, ಬಾಗಿಲನ್ನು ನಿಧಾನವಾಗಿ ತೆರೆದರು. ತೆರೆದ ಕೂಡಲೇ ಬಾಗಿಲಿನ ಕೊಂಡಿಯ ಬಳಿ ಟವೆಲನ್ನು ದಪ್ಪಗೆ ಸುತ್ತಿ ಕಟ್ಟಿ, “ತಮ್ಮಾ, ಈ ಬಾಗ್ಲು ನಾನು ಹೇಳೋವರ್ಗೂ ಹಾಕಬ್ಯಾಡ” ಎಂದು ಹುಡುಗನಿಗೆ ಹೇಳಿದರು. ನನಗೂ ಹೇಳಿದರು.

ಡಿಕ್ಕಿ ತೆರೆಯುವ ದಾರಿ ಕಂಪನಿಯ ಪುಸ್ತಕದಲ್ಲಿಯೇ ಇದೆ, ಓದಿದವರು ಕಡಿಮೆ. ಕಾಲಿಡುವ ಜಾಗದ ಪಕ್ಕದ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದರೆ ಅಲ್ಲಿ ಹೊರಗೆ ಎಳೆಯಬಹುದಾದ ಒಂದು ಪಾಸಿಟಿವ್ ತುದಿ ಸಿಗುತ್ತದೆ. ಹೊರಗಿನ 12 ವೋಲ್ಟ್ ಬ್ಯಾಟರಿಯ ಪಾಸಿಟಿವ್ ತಂತಿಯನ್ನು ಅದಕ್ಕೆ ಸಿಕ್ಕಿಸಿ, ನೆಗೆಟಿವ್ ತಂತಿಯನ್ನು ಬಾಗಿಲಿನ ಚೌಕಟ್ಟಿನಲ್ಲಿರುವ ಲೋಹದ ಕೊಂಡಿಗೆ ಹಿಡಿಸಿದರೆ, ಕಾರಿಗೆ ಡಿಕ್ಕಿಯ ಬೀಗ ಬಿಡಿಸುವಷ್ಟು ಶಕ್ತಿ ಬರುತ್ತದೆ. ಎಂಜಿನ್ ಚಾಲು ಮಾಡಲು ಈ ದಾರಿ ಅಲ್ಲ, ಡಿಕ್ಕಿ ತೆರೆಯುವುದಕ್ಕಷ್ಟೇ. ಮೇಸ್ತ್ರಿಯವರು ಮೊದಲು ಮಲ್ಟಿಮೀಟರ್ ಹಿಡಿದು ನೋಡಿದರು, 3.9 ವೋಲ್ಟ್ ತೋರಿಸಿತು. ನಂತರ ತಂದಿದ್ದ ಬ್ಯಾಟರಿಯನ್ನು ಕಾರಿನಿಂದ ಆಚೆ, ನೆಲದ ಮೇಲೆ ಇಟ್ಟು, ತಂತಿಗಳನ್ನು ಟವೆಲಿನ ಮೇಲೆ ಹಾಯಿಸಿ ಸೇರಿಸಿದರು. ಕಳ್ಳರ ಎಚ್ಚರಿಕೆಯ ಹಾರ್ನ್ ಒಮ್ಮೆಗೇ ಕೂಗಿಕೊಂಡು ಓಣಿಯವರೆಲ್ಲ ಗೇಟಿನ ಬಳಿ ಬಂದರು. ರಿಮೋಟ್ ಒತ್ತಿದಾಗ ಸುಮ್ಮನಾಯಿತು. ಬಾಗಿಲ ಬಳಿಯ ಗುಂಡಿ ಎಳೆದೊಡನೆ ಡಿಕ್ಕಿ ಕಟಕ್ ಎಂದು ಬಿಟ್ಟುಕೊಂಡಿತು. ಕಬ್ಬಿಣ ಮೀಟದೆ, ಅಂಚು ಮುಟ್ಟದೆ. ಹಳೆಯ ಕಲೆಯ ಪಕ್ಕದಲ್ಲೇ ನಿಂತು ಅದನ್ನು ನೋಡುತ್ತಿದ್ದ ನನಗೆ ಗಂಟಲು ಕಟ್ಟಿತು.

ಡಿಕ್ಕಿ ತೆರೆದ ಮೇಲೆ ಅವರು ಮಾಡಿದ ಮೊದಲ ಕೆಲಸ, ಅದರ ಬೀಗದ ಬಾಯಿಗೆ ಬಟ್ಟೆ ತುರುಕಿದ್ದು. ಬ್ಯಾಟರಿ ಬಿಚ್ಚಿದ ಹೊತ್ತಿನಲ್ಲಿ ಗಾಳಿಗೋ ಕೈ ತಪ್ಪಿಯೋ ಡಿಕ್ಕಿ ಮುಚ್ಚಿಕೊಂಡರೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ. ಆಮೇಲೆಯೇ ಕೌದಿಗಳು ಹೊರಬಂದವು. ಒಂದನ್ನು ನಾಲ್ಕು ಮಡಿಕೆ ಮಾಡಿ ಬಂಪರಿನ ಮೇಲೆ, ಇನ್ನೊಂದನ್ನು ಮೇಸ್ತ್ರಿಯವರು ಒರಗಿ ನಿಲ್ಲುವ ಬದಿಯ ಮಡ್‌ಗಾರ್ಡ್ ಮೇಲೆ ಹಾಸಿದರು. ಜಾರದಂತೆ ಅದರ ಮೇಲೆ ರಬ್ಬರ್ ಹಾಸು. ಗಾಜಿನ ಬುಡಕ್ಕೆ ಟವೆಲ್. ಕೌದಿಯ ಹೊಲಿಗೆ ಗಟ್ಟಿಯಾಗಿರುತ್ತದಲ್ಲವೇ ಎಂದು ನಾನು ಕೇಳಿದೆ. ಹಳೆಯ ಹತ್ತಿ ಸೀರೆಗಳಿಂದ ಅವರ ತಾಯಿ ಹೊಲಿದದ್ದಂತೆ. ಹೊಲಿಗೆಯೂ ನೂಲಿನದೇ, ಗುಂಡಿ ಕೊಕ್ಕೆಗಳಿಲ್ಲ. ಅಂಗಡಿಯಲ್ಲಿ ಬಳಸುವ ಬಟ್ಟೆಗಳಿಂದ ಇವನ್ನು ಬೇರೆ ಇಟ್ಟಿದ್ದೇವೆ, ಆಸಿಡ್ ತಾಗಿದ ಬಟ್ಟೆ ಕಾರಿನ ಮೇಲೆ ಬೀಳಬಾರದು ಎಂದರು.

ಇನ್ನು ಬ್ಯಾಟರಿಯ ಕೆಲಸ. ಗಾಜಿನ ಬುಡದ ಪ್ಲಾಸ್ಟಿಕ್ ಮುಚ್ಚಳ ಹದಿನೈದು ವರ್ಷಕ್ಕೂ ಹಳೆಯದು, ಬಿಸಿಲಿಗೆ ಒಣಗಿ ಹಪ್ಪಳದಂತಾಗಿರುತ್ತದೆ. ಅದನ್ನು ಹಿಡಿದಿರುವ ತಿರುಗಣೆಗಳನ್ನು ಸ್ಕ್ರೂಡ್ರೈವರಿನಿಂದ ಮೀಟದೆ ಬೆರಳಿನಿಂದಲೇ ತಿರುಗಿಸಿ ಬಿಡಿಸಿದರು. ಕೆಳಗೆ ಬ್ಯಾಟರಿ, ಪಾಸಿಟಿವ್ ತುದಿಯ ಸುತ್ತ ಬಿಳಿ-ಹಸಿರು ಪುಡಿ ಕಟ್ಟಿತ್ತು. ಅದು ಗಂಧಕಾಮ್ಲ ಲೋಹವನ್ನು ತಿಂದು ಬಿಟ್ಟ ಉಪ್ಪು. ಸಾಮಾನ್ಯವಾಗಿ ಅದರ ಮೇಲೆ ಬಿಸಿನೀರು ಸುರಿದುಬಿಡುತ್ತಾರೆ, ಆ ನೀರು ಹರಿದು ಹೋಗಿ ಬಣ್ಣದ ಮೇಲೆ ನಿಲ್ಲುತ್ತದೆ, ತಿಂಗಳ ಮೇಲೆ ಅಲ್ಲಿ ಬಣ್ಣ ಗುಳ್ಳೆ ಏಳುತ್ತದೆ. ಇವರು ಅಡುಗೆ ಸೋಡಾವನ್ನು ಸ್ವಲ್ಪವೇ ನೀರಿನಲ್ಲಿ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಚ್ಚಿ, ನೊರೆ ನಿಂತ ಮೇಲೆ ಒದ್ದೆ ಬಟ್ಟೆಯಿಂದ ಎತ್ತಿ ಒರೆಸಿದರು. ಒಂದು ಹನಿಯನ್ನೂ ಕೆಳಗೆ ಹರಿಯಗೊಡಲಿಲ್ಲ. ಆ ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ತಮ್ಮ ಜೊತೆಗೇ ಒಯ್ದರು.

ನೆಗೆಟಿವ್ ತುದಿಯನ್ನು ಮೊದಲು ಬಿಚ್ಚಿದರು, ಹತ್ತರ ಪಾನಾದಿಂದ. ಈ ಕ್ರಮವನ್ನು ಎಲ್ಲರೂ ಹೇಳುತ್ತಾರೆ, ಕಾರಣವನ್ನು ಮೇಸ್ತ್ರಿಯವರು ಹುಡುಗನಿಗೆ ಬಿಡಿಸಿ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ: ಕಾರಿನ ಇಡೀ ಮೈ ನೆಗೆಟಿವ್‌ಗೆ ಸೇರಿದ್ದು, ಆ ಸಂಬಂಧ ಕಡಿಯುವ ಮೊದಲು ಪಾಸಿಟಿವ್ ಬಿಚ್ಚಲು ಹೋಗಿ ಪಾನಾ ತಗಡಿಗೆ ತಾಗಿದರೆ ಕಿಡಿ ಹಾರಿ ಬಣ್ಣ ಸುಡುತ್ತದೆ, ಬ್ಯಾಟರಿಯ ಬಳಿ ಜಲಜನಕ ಸೇರಿದ್ದರೆ ಸಿಡಿಯಲೂಬಹುದು. ಬಿಚ್ಚಿದ ತಂತಿ ತಾನಾಗಿ ಹಿಂದಕ್ಕೆ ಸೆಟೆದು ತುದಿಗೆ ತಾಗದಂತೆ ಟ್ಯೂಬಿನ ತುಂಡು ತೊಡಿಸಿ ಪಕ್ಕಕ್ಕೆ ಕಟ್ಟಿದರು. ಆಮೇಲೆ ಪಾಸಿಟಿವ್, ಆಮೇಲೆ ಗಾಳಿ ಹೋಗುವ ಸಣ್ಣ ಕೊಳವೆ, ಕೊನೆಗೆ ಬುಡದಲ್ಲಿ ಬ್ಯಾಟರಿಯನ್ನು ಒತ್ತಿ ಹಿಡಿದಿರುವ ಬೋಲ್ಟ್.

ಬಣ್ಣ ಕೆಡುವುದು ಹೆಚ್ಚಾಗಿ ಎತ್ತುವಾಗ. ಸುಮಾರು ಇಪ್ಪತ್ತು ಕಿಲೋ ಭಾರ. ಅದೂ ಕೈಚಾಚಿದಷ್ಟು ದೂರದಲ್ಲಿ, ಡಿಕ್ಕಿಯ ಆಳದಲ್ಲಿ. ಒಬ್ಬನೇ ಬಾಗಿ ಎತ್ತಿದರೆ ಅರ್ಧಕ್ಕೆ ಬಂದಾಗ ಸೊಂಟ ಸೋತು ಬ್ಯಾಟರಿಯ ಮೂಲೆಯನ್ನು ಮಡ್‌ಗಾರ್ಡ್ ಮೇಲೆ ಊರಿಯೇ ಊರುತ್ತಾನೆ. ಮೇಸ್ತ್ರಿಯವರು ಮೊದಲು ಬರಿಗೈಯಲ್ಲಿ ಹುಡುಗನ ಜೊತೆ ಆ ದಾರಿಯನ್ನು ಒಮ್ಮೆ ನಡೆದು ನೋಡಿದರು: ಯಾರು ಎಲ್ಲಿ ನಿಲ್ಲಬೇಕು, ಯಾರ ಕೈ ಮೊದಲು ಬಿಡಬೇಕು, ಕೆಳಗಿಡುವ ಜಾಗ ಯಾವುದು. ಬದಿಯಿಂದ ಬೇಡ, ನೇರವಾಗಿ ಮುಂದಕ್ಕೆ, ಬಂಪರಿನ ಕೌದಿಯ ಮೇಲಿಂದ ಎಂದು ತೀರ್ಮಾನಿಸಿದರು. ಅಮ್ಮನನ್ನೂ ನನ್ನನ್ನೂ ಗೇಟಿನ ಕಡೆಗೆ ಸರಿಸಿದರು. ನಂತರ ಬ್ಯಾಟರಿ ಓರೆಯಾಗದಂತೆ, ಹಿಡಿಕೆಯನ್ನು ಒಬ್ಬರು ತಳವನ್ನು ಒಬ್ಬರು ಹಿಡಿದು, ಒಂದೇ ಉಸಿರಿನಲ್ಲಿ ಹೊರತಂದರು. ಕೌದಿಗೂ ಅದು ತಾಗಲಿಲ್ಲ.

ಹೊಸದನ್ನು ಒಳಗೆ ಇಳಿಸುವ ಮುನ್ನ ಎರಡನ್ನೂ ನೆಲದ ಮೇಲೆ ಅಕ್ಕಪಕ್ಕ ಇಟ್ಟು ಟೇಪ್ ಹಿಡಿದು ಅಳೆದರು. 278 ಮಿಲಿಮೀಟರ್ ಉದ್ದ, 175 ಅಗಲ, 190 ಎತ್ತರ, ಪಾಸಿಟಿವ್ ತುದಿ ಇರುವ ಬದಿ, ಬುಡದ ಅಂಚು, ಗಾಳಿಕೊಳವೆಯ ತೂತು, ಎಲ್ಲವೂ ಹೊಂದುತ್ತಿದ್ದವು. ಹತ್ತಿರದ ಅಳತೆಯದನ್ನು ಹೇಗೋ ತುರುಕಿ, ಬುಡದ ಬೋಲ್ಟ್ ಹಿಡಿಯದೆ ಹಾಗೇ ಬಿಡುವುದು ನಮ್ಮಲ್ಲಿ ಅಪರೂಪವಲ್ಲ. ನಮ್ಮ ರಸ್ತೆಗಳ ಹಂಪುಗಳ ಮೇಲೆ ಸಡಿಲ ಬ್ಯಾಟರಿ ಒಳಗಿನಿಂದಲೇ ತಗಡನ್ನು ಗುದ್ದುತ್ತದೆ. ಹೊರಗಿನ ಗೀರು ಕಣ್ಣಿಗೆ ಕಾಣುತ್ತದೆ, ಈ ಗುದ್ದು ತುಕ್ಕು ಹಿಡಿದ ಮೇಲೆಯೇ ಕಾಣುವುದು. ಬೋಲ್ಟ್ ಬಿಗಿದು, ಕೊಳವೆ ಸಿಕ್ಕಿಸಿ, ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ ಸೇರಿಸಿ, ತುದಿಗಳಿಗೆ ತೆಳ್ಳಗೆ ವ್ಯಾಸಲೀನ್ ಸವರಿದರು.

ಆಮೇಲಿನದನ್ನು ನಾವು ಪುಸ್ತಕ ನೋಡಿ ಒಟ್ಟಿಗೆ ಮಾಡಿದೆವು. ಎರಡೂ ಕಿಟಕಿಗಳ ಗಾಜನ್ನು ಪೂರ್ತಿ ಏರಿಸಿ, ಗುಂಡಿಯನ್ನು ಮತ್ತೊಮ್ಮೆ ಎಳೆದು ಹಿಡಿದಾಗ ಕಾರಿಗೆ ಗಾಜಿನ ಕೊನೆಯ ಸ್ಥಾನ ನೆನಪಾಯಿತು. ಬಾಗಿಲಿನ ಟವೆಲ್ ಬಿಚ್ಚಿದ್ದು ಅದಾದ ಮೇಲೆಯೇ. ಬಾಗಿಲು ಹಾಕಿದಾಗ ಗಾಜು ಬೆರಳಗಲ ಇಳಿದಿದ್ದು ಮತ್ತೆ ಏರಿ ಬೀಡಿಂಗಿನೊಳಗೆ ಕೂತಿತು. ಡಿಕ್ಕಿಯನ್ನು ಎತ್ತರದಿಂದ ಬಿಡದೆ, ನಡುವಿನ ತೆಳು ತಗಡನ್ನು ಒತ್ತದೆ, ಬೀಗದ ನೇರಕ್ಕೆ ಎರಡೂ ಅಂಗೈಗಳನ್ನಿಟ್ಟು ಮುಚ್ಚಿದರು. ಎಂಜಿನ್ ಚಾಲು ಮಾಡಿ ಮೀಟರ್ ಹಿಡಿದಾಗ 14.2 ವೋಲ್ಟ್ ಬಂತು, ಅಂದರೆ ಆಲ್ಟರ್ನೇಟರ್ ಸರಿಯಾಗಿ ಚಾರ್ಜ್ ಮಾಡುತ್ತಿದೆ. ಫಲಕದಲ್ಲಿ ಉರಿಯುತ್ತಿದ್ದ, ಕಾರು ಜಾರದಂತೆ ಕಾಯುವ ಸ್ಥಿರತಾ ವ್ಯವಸ್ಥೆಯ ಎಚ್ಚರಿಕೆ ದೀಪ ಓಣಿಯಲ್ಲಿ ಎಡಕ್ಕೂ ಬಲಕ್ಕೂ ಸ್ವಲ್ಪ ತಿರುಗಿಸಿ ಓಡಿಸಿದ ಮೇಲೆ ಆರಿತು. ಕೆಲವು ಹೊಸ ಕಾರುಗಳಲ್ಲಿ ಹೊಸ ಬ್ಯಾಟರಿಯನ್ನು ಕಂಪ್ಯೂಟರಿನಲ್ಲಿ ನೋಂದಾಯಿಸಬೇಕಾಗುತ್ತದೆ, ಈ ಮಾದರಿಗೆ ಆ ಕೆಲಸವಿಲ್ಲ. ನಿಮ್ಮದು ಹೊಸದಾಗಿದ್ದರೆ ಮೊದಲೇ ವಿಚಾರಿಸಿಕೊಳ್ಳಿ, ಆ ಯಂತ್ರ ಈ ಅಂಗಡಿಯಲ್ಲಿಲ್ಲ.

ಒಟ್ಟು ಒಂದೂಕಾಲು ಗಂಟೆ ಹಿಡಿಯಿತು. ಅದರಲ್ಲಿ ಪಾನಾ ತಿರುಗಿದ್ದು ಹದಿನೈದು ನಿಮಿಷವಿದ್ದೀತು. ಉಳಿದದ್ದೆಲ್ಲ ತೊಳೆಯುವುದು, ಮುಚ್ಚುವುದು, ಕಟ್ಟುವುದು, ಅಳೆಯುವುದು. ನಾನು ಹಣ ಕೊಟ್ಟದ್ದು ಮುಖ್ಯವಾಗಿ ಆ ಉಳಿದ ಹೊತ್ತಿಗೆ ಎಂದು ತಿಳಿದುಕೊಂಡಿದ್ದೇನೆ. 70 ಆಂಪಿಯರ್-ಗಂಟೆ ಸಾಮರ್ಥ್ಯದ ಎ.ಜಿ.ಎಂ. ಬ್ಯಾಟರಿಗೆ ₹16,800, ಹಳೆಯದನ್ನು ಕೊಟ್ಟದ್ದಕ್ಕೆ ₹1,500 ಕಡಿತ, ಮನೆಗೆ ಬಂದು ಮಾಡಿದ ಕೂಲಿ ₹800. ಬೆಂಗಳೂರಿಗೆ ಕಾರು ಹೊತ್ತೊಯ್ಯುವ ಬಾಡಿಗೆಯನ್ನೊಂದೇ ವಿಚಾರಿಸಿದರೂ ಇದರ ನ್ಯಾಯ ಗೊತ್ತಾಗುತ್ತದೆ. ಹಳೆಯ ಬ್ಯಾಟರಿಯನ್ನು ಗುಜರಿಗೆ ಕೊಡದೆ ಅಂಗಡಿಗೇ ಹಿಂದಿರುಗಿಸಿ. ಅಂಥ ಬ್ಯಾಟರಿಗಳನ್ನು ನೋಂದಾಯಿತ ಘಟಕಗಳಿಗೆ ತಲುಪಿಸಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ.

ಕೊರತೆಗಳನ್ನೂ ಹೇಳಬೇಕು. ಇಬ್ಬರ ಕೈಯಲ್ಲೂ ಗವುಸು ಇತ್ತು, ಕಣ್ಣಿಗೆ ಮಾತ್ರ ಏನೂ ಇರಲಿಲ್ಲ. ಕಾರಿನ ಬಣ್ಣಕ್ಕೆ ಅಷ್ಟು ಕಾಳಜಿ ತೋರುವವರು ತಮ್ಮ ಕಣ್ಣಿಗೆ, ಅದಕ್ಕಿಂತ ಹೆಚ್ಚಾಗಿ ಆ ಚಿಕ್ಕ ಹುಡುಗನ ಕಣ್ಣಿಗೆ, ರಕ್ಷಣೆಯ ಕನ್ನಡಕ ಹಾಕಿಸಲೇಬೇಕು. ನಾನು ಅಲ್ಲಿಯೇ ಹೇಳಿದೆ, ಮೇಸ್ತ್ರಿಯವರು ಒಪ್ಪಿಕೊಂಡರು. ಮುಂದಿನ ಸಲ ಹೋದಾಗ ನೋಡುತ್ತೇನೆ. ಬ್ಯಾಟರಿ ಎರಡು ದಿನ ಎಂದದ್ದು ಬಂದದ್ದು ನಾಲ್ಕನೆಯ ದಿನ, ತಡವಾಗುತ್ತದೆಂದು ಅವರಾಗಿ ತಿಳಿಸಲಿಲ್ಲ. ಬಿಲ್ಲಿನಲ್ಲಿ ಬ್ಯಾಟರಿಯ ಕ್ರಮಸಂಖ್ಯೆಯನ್ನೂ ತಯಾರಾದ ತಿಂಗಳನ್ನೂ ನಾನು ಕೇಳಿದ ಮೇಲೆ ಬರೆದುಕೊಟ್ಟರು. ವಾರಂಟಿ ಬೇಕಾದಾಗ ಆ ಎರಡು ಸಾಲುಗಳೇ ಆಧಾರ, ಹಾಗಾಗಿ ಕೇಳಿ ಬರೆಸಿಕೊಳ್ಳಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಕಳೆದದ್ದು ಕನ್ನಡಕಕ್ಕಾಗಿ.

ಬ್ಯಾಟರಿ ಏಕೆ ಸತ್ತಿತು ಎಂಬುದನ್ನೂ ಅವರು ವಿವರಿಸಿದರು, ಮತ್ತು ಅದರಿಂದ ತಮಗೆ ಮುಂದಿನ ವ್ಯಾಪಾರ ತಪ್ಪುವುದನ್ನು ಲೆಕ್ಕಿಸಲಿಲ್ಲ. ನಿಂತ ಕಾರಿನಲ್ಲಿಯೂ ಎಚ್ಚರಿಕೆಯ ಗಂಟೆ, ರಿಮೋಟಿನ ಸಂಕೇತ ಹಿಡಿಯುವ ಭಾಗ, ಗಡಿಯಾರ ಸ್ವಲ್ಪ ಸ್ವಲ್ಪ ವಿದ್ಯುತ್ ಕುಡಿಯುತ್ತಿರುತ್ತವೆ. ಅದು 50 ಮಿಲಿ ಆಂಪಿಯರ್ ಎಂದಿಟ್ಟುಕೊಂಡರೂ ದಿನಕ್ಕೆ 1.2 ಆಂಪಿಯರ್-ಗಂಟೆ, ಆರು ವಾರಕ್ಕೆ 50ನ್ನು ದಾಟುತ್ತದೆ. ಮೊದಲೇ ಮುಪ್ಪಾದ ಬ್ಯಾಟರಿಗೆ ಅಷ್ಟು ಸಾಕು. ಮೇಲಾಗಿ ಬಿಸಿ: ತಾಪ 10 ಡಿಗ್ರಿ ಏರಿದರೆ ಒಳಗಿನ ರಾಸಾಯನಿಕ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ತಗಡಿನ ಶೆಡ್ಡಿನ ಕೆಳಗೆ ಏಪ್ರಿಲ್ ಮಧ್ಯಾಹ್ನ ಎಷ್ಟು ಕಾಯುತ್ತದೆ ಎನ್ನುವುದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಓಡಿಸದೆ ಬರೀ ಹತ್ತು ನಿಮಿಷ ಎಂಜಿನ್ ಚಾಲು ಮಾಡಿ ನಿಲ್ಲಿಸುವುದರಿಂದ ಪ್ರಯೋಜನವಿಲ್ಲ ಎಂದರು. ಈಗ ನಾನು ಪ್ರತಿ ಭಾನುವಾರ ಬೆಳಿಗ್ಗೆ ಹೆದ್ದಾರಿಯಲ್ಲಿ ಆನಗೋಡಿನವರೆಗೆ ಹೋಗಿ ಬರುತ್ತೇನೆ. ಊರಲ್ಲಿರದ ವಾರಗಳಿಗೆಂದು ಸದಾ ಸಿಕ್ಕಿಸಿಡಬಹುದಾದ ಸಣ್ಣ ಚಾರ್ಜರ್ ಒಂದನ್ನು ಇದೇ ಅಂಗಡಿಯಿಂದ ತಂದಿದ್ದೇನೆ; ಎ.ಜಿ.ಎಂ. ಬ್ಯಾಟರಿಗೆ ಹೊಂದುವ ವ್ಯವಸ್ಥೆ ಅದರಲ್ಲಿದೆಯೇ ಎಂದು ನೋಡಿ ಕೊಟ್ಟರು. ಐದು ತಿಂಗಳಾಗಿದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ ಮೀಟರ್ ಹಿಡಿದರೆ 12.7 ವೋಲ್ಟ್ ತೋರಿಸುತ್ತದೆ, ಅಂದರೆ ಬ್ಯಾಟರಿ ತುಂಬಿಯೇ ಇದೆ.

ಇವರನ್ನು ಕರೆಸುವವರು ಹಿಂದಿನ ದಿನವೇ ಹೇಳಿ; ಮೇಸ್ತ್ರಿಯವರು ಬೆಳಿಗ್ಗೆ ಹತ್ತರ ಒಳಗೆ ಬರಲು ಇಷ್ಟಪಡುತ್ತಾರೆ, ಬಿಸಿಲಿಗೆ ಕಾದ ಬಣ್ಣದ ಮೇಲೆ ಕೆಲಸ ಮಾಡುವುದಿಲ್ಲ. ಕಾರಿನ ಪುಸ್ತಕದಲ್ಲಿ ಬ್ಯಾಟರಿ, ಫ್ಯೂಸ್ ಪೆಟ್ಟಿಗೆ ಮತ್ತು ಡಿಕ್ಕಿಯ ತುರ್ತು ಬಿಡುಗಡೆಯ ಪುಟಗಳ ಚಿತ್ರ ತೆಗೆದು ಮುಂಚಿತವಾಗಿ ಕಳುಹಿಸಿ, ಎರಡು ಬಕೆಟ್ ಶುದ್ಧ ನೀರನ್ನೂ ಕಾರಿನ ಸುತ್ತ ಎರಡಡಿ ಖಾಲಿ ಜಾಗವನ್ನೂ ಇಟ್ಟಿರಿ.